ಕೆಸರಿಗಿಳಿಯದವರ ಕಾಸು ಬೇಡ

ಫೆಬ್ರುವರಿ 4

ಅಪ್ಪಾ,

ಕ್ಷೇಮಸಮಾಚಾರ ಆಮೇಲೆ. ಮೊದಲು ಇದನ್ನು ಕೇಳು. ನಾವು ಜೌಗನ್ನು ಹಿಡಿಯಲು ಹೊರಟಿದ್ದೇವೆ!

ನಮ್ಮ ಬೀದಿಯ ಹಿಂದೆ ಕಡಲಿನವರೆಗೆ ಹಬ್ಬಿದೆಯಲ್ಲ, ಅದೇ ಜೌಗು. ಊರವರೆಲ್ಲ ಮೂಗು ಮುಚ್ಚಿಕೊಂಡು ದಾಟುವ ಜಾಗ. ಹೋದ ತಿಂಗಳ ಬಿರುಗಾಳಿಗೆ ಉಪ್ಪುನೀರು ಹೊಸ್ತಿಲು ದಾಟಿ ಒಳಗೆ ಬಂತು. ಅಜ್ಜಿಯ ಮಂಚದ ಕಾಲಿಗೆ ಇಟ್ಟಿಗೆ ಕೊಟ್ಟಿದ್ದೇವೆ. 'ನನ್ನನ್ನು ಈಗಲೇ ಎತ್ತರಕ್ಕೆ ಕಳಿಸ್ತಿದ್ದೀರೇನೇ' ಎಂದು ಅಜ್ಜಿಯ ವರಾತ. ಮೇಲಿನ ಬೀದಿಯವರು ಕಿಟಕಿಯಲ್ಲಿ ನಿಂತು ನಮ್ಮ ಫೋಟೋ ತೆಗೆದರು. ಟೀವಿಯವರು ಹವಾಮಾನ ಬದಲಾಗಿದೆ ಎಂದರು. ಬದಲಾದರೆ ಮೊದಲು ಒದ್ದೆಯಾಗುವುದು ಯಾರ ಚಾಪೆ ಅನ್ನುವುದನ್ನು ಮಾತ್ರ ಯಾರೂ ಹೇಳಲಿಲ್ಲ.

ನನ್ನ ಗೆಳತಿ ಸೋಡಾಬುಡ್ಡಿ ಗೊತ್ತಲ್ಲ, ದಪ್ಪ ಕನ್ನಡಕದವಳು, ಕಾಲೇಜಿನಲ್ಲಿ ಗಿಡಮರ ಓದುತ್ತಿರುವವಳು. ಅವಳು ನಮ್ಮನ್ನೆಲ್ಲ ಕೂರಿಸಿ ಬಿಡಿಸಿ ಹೇಳಿದಳು. ಆ ಜೌಗು ಆರೋಗ್ಯವಾಗಿದ್ದರೆ ಬಿರುಗಾಳಿಯ ನೀರನ್ನು ತಾನೇ ಕುಡಿದು ತಡೆಯುತ್ತದೆ. ಜಗತ್ತು ಉಗುಳಿದ ಹೊಗೆಯ ಇಂಗಾಲವನ್ನು ಆ ಕೆಸರು ಹೊಟ್ಟೆಯಲ್ಲಿಟ್ಟುಕೊಂಡು ತಲೆಮಾರುಗಟ್ಟಲೆ ಕೂರುತ್ತದೆ. ಹಿಂದೆ ಯಾರೋ ಅಡ್ಡಲಾಗಿ ಒಡ್ಡು ಕಟ್ಟಿ ಉಬ್ಬರದ ನೀರು ಬರದಂತೆ ಮಾಡಿದ್ದಕ್ಕೆ ಅದು ಅರೆಜೀವವಾಗಿದೆ. ಈಗ ಪುರಸಭೆಯವರು ಅದನ್ನು 'ಪಾಳು ಜಾಗ' ಎಂದು ಬರೆದುಕೊಂಡು ಟೆಂಡರು ಕರೆದು ದೀರ್ಘಕಾಲದ ಗುತ್ತಿಗೆಗೆ ಕೊಡುತ್ತಾರಂತೆ. ಸಾವಿರಾರು ಹಕ್ಕಿ ಇಳಿಯುವ ಜಾಗ ಇವರ ಕಣ್ಣಿಗೆ ಪಾಳು!

ಹಾಗಾದರೆ ನಾವೇ ತೆಗೆದುಕೊಳ್ಳೋಣ ಎಂದೆ. ಎಲ್ಲರೂ ನಕ್ಕರು. ಆಮೇಲೆ ಯಾರೂ ನಗಲಿಲ್ಲ. ನನ್ನಂಥ ಗ್ಯಾರೇಜಿನವರು, ಊಟ ಹೊತ್ತು ಮನೆಮನೆಗೆ ಗಾಡಿ ಓಡಿಸುವವರು, ನರ್ಸಿಂಗ್ ಕಲಿಯುವವರು, ಟ್ಯೂಷನ್ ಹೇಳುವವರು, ಎಲ್ಲರೂ ವಾರಕ್ಕೆ ಒಂದು ತಾಸಿನ ಕೂಲಿ ಕೊಡುವುದು. ಬೇರೆ ಊರುಗಳಲ್ಲೂ ನಮ್ಮಂಥ ಪಡೆಗಳಿವೆ. ಅವರೆಲ್ಲ ಕೂಡಿ ಒಂದು ನಿಧಿ ನಡೆಸುತ್ತಾರೆ. ನಡೆಸುವವರಲ್ಲಿ ಇಪ್ಪತ್ತೈದು ದಾಟಿದವರು ಒಬ್ಬರೂ ಇಲ್ಲ. ಅರ್ಧ ನಾವು ಕೂಡಿಸಿದರೆ ಉಳಿದರ್ಧ ಅವರದು.

ಹೊರಗಿನವರೂ ಕೊಡಬಹುದು, ಆದರೆ ಒಂದು ನಿಯಮ. ಕೊಡುವವರು ಬರಿಗಾಲಲ್ಲಿ ಬಂದು ಮೊಣಕಾಲುದ್ದ ಕೆಸರಿಗೆ ಇಳಿದು ಆಮೇಲೆ ಡಬ್ಬಿಗೆ ಹಾಕಬೇಕು. ಕೆಸರಿಗಿಳಿಯದವರ ಕಾಸು ಬೇಡ. ಕಾರಿನ ಕಿಟಕಿಯಿಂದ ನೋಟು ಬೀಸುವವರಿಂದ ನಮ್ಮನ್ನು ಕಾಯುವುದಕ್ಕೆ ಇದನ್ನು ನಾನೇ ಮಾಡಿದ್ದು. ನಮ್ಮ ಹೆಸರು ಕೆಸರು ಪಡೆ.

ಅಮ್ಮನಿಗೆ ಹೇಳಿದರೆ, 'ಮನೆ ನೆಲ ಒರೆಸೋಕೆ ಮೈ ಬಗ್ಗಲ್ಲ, ಊರ ಕೆಸರು ಕಾಯ್ತಾಳಂತೆ' ಎಂದಳು. ಆಸ್ಪತ್ರೆಯ ಲಾಂಡ್ರಿಯಲ್ಲಿ ಅವಳಿಗೆ ಈಗ ಎರಡು ಪಾಳಿ.

ನೀನಿರುವ ಆ ಕಲ್ಲುಕ್ವಾರಿಯಲ್ಲಿ ಫೋನನ್ನು ಗೇಟಿನಲ್ಲೇ ಕಿತ್ತಿಟ್ಟುಕೊಳ್ಳುವ ಪುಣ್ಯಾತ್ಮರಿಗೆ ನನ್ನ ಶಾಪವಿದೆ ಎಂದು ಹೇಳು. ಇಲ್ಲದಿದ್ದರೆ ಇದನ್ನೆಲ್ಲ ನಿನ್ನ ಕಿವಿಯಲ್ಲೇ ಕೂಗುತ್ತಿದ್ದೆ.

ಕುಣಿಯುತ್ತಿರುವ,
ನಿನ್ನ ಸಿಡಿಮದ್ದು


ಫೆಬ್ರುವರಿ 7

ನನ್ನ ಸಿಡಿಮದ್ದಿಗೆ,

ನಿನ್ನ ಪತ್ರ ಬಂದಿಲ್ಲ. ನಮ್ಮ ಕಾಗದ ತರುವ ಲಾರಿಯವನು ಎಲ್ಲಿ ಮರೆತನೋ. ಇರಲಿ, ಸುದ್ದಿ ನನ್ನ ಹತ್ತಿರವೇ ಇದೆ. ಕೂತಿದ್ದರೆ ಎದ್ದು ನಿಲ್ಲು.

ನಾನು ಮನೆಗೆ ಬರುತ್ತಿದ್ದೇನೆ! ಮೂರು ದಿನದ ರಜೆಗಲ್ಲ. ಇರೋದಕ್ಕೇ.

ಧಣಿ ನಿನ್ನೆ ನನ್ನನ್ನು ಆಫೀಸಿನ ಶೆಡ್ಡಿಗೆ ಕರೆದು ಕುರ್ಚಿ ಕೊಟ್ಟ. ಇಷ್ಟು ವರ್ಷದಲ್ಲಿ ಅವನು ನನಗೆ ಕುರ್ಚಿ ಕೊಟ್ಟದ್ದು ಇದೇ ಮೊದಲು. 'ನಿಮ್ಮೂರಲ್ಲೇ ಒಂದು ತಗ್ಗು ಮುಚ್ಚೋ ಭರ್ತಿ ಕೆಲಸ ಸಿಗೋದಿದೆ ಕಣೋ. ದೊಡ್ಡದು. ಗೋದಾಮು ಯಾರ್ಡು. ವರ್ಷಗಟ್ಟಲೆ ಮಣ್ಣು ಹೊಡೀಬೇಕು. ಯಂತ್ರದಲ್ಲಿ ನಿನ್ನಷ್ಟು ನೇರವಾಗಿ ಮಟ್ಟ ಮಾಡೋನು ನನ್ನತ್ರ ಇನ್ನೊಬ್ಬ ಇಲ್ಲ' ಎಂದ. ಕೆಲಸದ ಜಾಗ ಮನೆಯಿಂದ ಕೂಗಳತೆಯಂತೆ. ಮಧ್ಯಾಹ್ನ ಮನೆಗೇ ಬಂದು ಬಿಸಿ ಊಟ ಮಾಡಬಹುದು. ಇಲ್ಲಿ ತಟ್ಟೆಗೆ ಬೀಳುವುದರಲ್ಲಿ ಅರ್ಧ ಅನ್ನ, ಅರ್ಧ ಜಲ್ಲಿಪುಡಿ.

ನಿನಗೆ ಹಾಲುಹಲ್ಲು ಬೀಳುವಾಗ ಮನೆ ಬಿಟ್ಟವನು ನಾನು. ಈಗ ನೀನು ಗ್ಯಾರೇಜಿನಲ್ಲಿ ಲಾರಿಯ ಹೊಟ್ಟೆ ಬಿಚ್ಚುತ್ತೀಯ. ಆ ನಡುವಿನದನ್ನೆಲ್ಲ ನಾನು ಕಾಗದದಲ್ಲೇ ಓದಿದ್ದು. ಇನ್ನು ಸಾಕು.

ಅಮ್ಮನಿಗೆ ಹೇಳಬೇಡ. ನಾನೇ ಬಂದು ಬಾಗಿಲಲ್ಲಿ ನಿಂತು ಹೇಳುತ್ತೇನೆ. ಅವಳ ಮುಖ ನೋಡಬೇಕು ನನಗೆ.

ಗಂಟುಮೂಟೆ ಕಟ್ಟುತ್ತಿರುವ,
ಅಪ್ಪ


ಫೆಬ್ರುವರಿ 19

ಅಪ್ಪಾ,

ಪತ್ರ ತಲುಪಿತು. ಅಮ್ಮನಿಗೆ ಹೇಳಿಲ್ಲ.

ಅಜ್ಜಿ ಚೆನ್ನಾಗಿದ್ದಾಳೆ. ಅಡುಗೆಮನೆಯ ನಲ್ಲಿ ಸೋರುತ್ತಿತ್ತು, ನಾನೇ ವಾಷರ್ ಹಾಕಿದೆ. ಗ್ಯಾರೇಜಿನ ಹಿಂದೆ ತುಕ್ಕು ಹಿಡಿದು ಬಿದ್ದಿದ್ದ ಹಳೆಯ ಜೆಸಿಬಿಯನ್ನು ಮಾಲೀಕರು ರಿಪೇರಿಗೆ ಎತ್ತಿಕೊಂಡಿದ್ದಾರೆ. ಅದರ ಹೈಡ್ರಾಲಿಕ್ ಪೈಪುಗಳ ಕೆಲಸ ನನಗೇ ಬಿಟ್ಟಿದ್ದಾರೆ.

ಒಂದು ಮಾತು ಕೇಳಬೇಕಿತ್ತು. ಧಣಿ ಹೇಳಿದ ಭರ್ತಿ ಕೆಲಸದ ಜಾಗ ನಮ್ಮ ಬೀದಿಯ ಮುಂದೆಯೋ, ಹಿಂದೆಯೋ?

ನನ್ನ ಮೊದಲಿನ ಪತ್ರ ಇನ್ನೂ ಬಂದಿಲ್ಲವಾ?

ನಿನ್ನ,
ಮಗಳು


ಮಾರ್ಚ್ 2

ಮಗಳಿಗೆ,

ನಿನ್ನ ಮೊದಲಿನ ಪತ್ರ ಸಿಕ್ಕಿತು. ಲಾರಿಯವನ ಡ್ಯಾಶ್‌ಬೋರ್ಡಿನ ಮೇಲೆ ಬಿಸಿಲು ಕಾಯಿಸುತ್ತಿತ್ತು. ಎರಡು ಪತ್ರವನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಿದೆ.

ಹಿಂದೆ. ಬೀದಿಯ ಹಿಂದೆ. ನಿನಗೆ ಗೊತ್ತಿತ್ತು. ಗೊತ್ತಿದ್ದೂ ನಲ್ಲಿ, ವಾಷರ್ ಎಂದು ಬರೆದೆ.

ನಾನು ಓದಿದವನಲ್ಲ. ನಿನ್ನ ಇಂಗಾಲ, ಹವಾಮಾನ ನನಗೆ ಬೇಡ. ನನಗೆ ಗೊತ್ತಿರುವುದು ಇಷ್ಟೇ. ಆ ಜೌಗು ಉಳಿದರೆ ನಾನು ಈ ಗುಡ್ಡದಲ್ಲೇ ಉಳಿಯುತ್ತೇನೆ. ಹಕ್ಕಿಗೆ ಇಳಿಯಲು ಜಾಗ ಬೇಕು, ಏಡಿಗೆ ಬಿಲ ಬೇಕು. ಸರಿ. ನಿನ್ನಪ್ಪನಿಗೆ ಒಂದು ಮನೆ ಬೇಡವಾ? ನಿನ್ನ ಪಡೆಯ ಮೀಟಿಂಗಿನಲ್ಲಿ ಇದನ್ನು ಯಾರಾದರೂ ಕೇಳಿದರಾ? ಕೇಳಿದ್ದರೆ ಎಷ್ಟು ಕೈ ಎದ್ದವು?

ಉತ್ತರ ಬರೆಯಬೇಡ.

ಅಪ್ಪ


ಮಾರ್ಚ್ 6

ಅಪ್ಪಾ,

ಬರೆಯುತ್ತೇನೆ. ಬಾಯಿಗೆ ಬೀಗ ಹಾಕಿಕೋ ಎಂದು ನೀನು ನನಗೆ ಯಾವತ್ತೂ ಕಲಿಸಲಿಲ್ಲ. ಈಗ ಹೇಳಿದರೆ ಹೇಗೆ?

ನೀನು ಬರಬೇಕು ಅನ್ನುವ ಆಸೆ ನನಗಿಲ್ಲ ಅಂದುಕೊಂಡೆಯಾ? ನಿನ್ನ ಆ ಪತ್ರವನ್ನು ಗ್ಯಾರೇಜಿನಲ್ಲಿ ಓದಿ, ಲಾರಿಯ ಅಡಿಗೆ ಮಲಗಿ, ಯಾರಿಗೂ ಕಾಣದಂತೆ ಅತ್ತೆ. ಎದ್ದು ಬಂದಾಗ ಮಾಲೀಕರು 'ಆಯಿಲ್ ಕಣ್ಣಿಗೆ ಬಿತ್ತಾ?' ಎಂದರು. ಹೌದು ಎಂದೆ.

ಆದರೆ ಅಪ್ಪಾ, ನೀನು ಅಲ್ಲಿ ಸುರಿಯುವ ಒಂದೊಂದು ಬಕೆಟ್ ಮಣ್ಣಿಗೂ ಅಷ್ಟಷ್ಟು ನೀರು ಜಾಗ ಬಿಟ್ಟು ನಮ್ಮ ಮನೆಯೊಳಕ್ಕೆ ಬರುತ್ತದೆ. ನೀನು ಬಿಸಿ ಊಟಕ್ಕೆ ಮನೆಗೆ ಬರುತ್ತೀಯ. ಕೂರುವುದೆಲ್ಲಿ? ಅಜ್ಜಿಯ ಇಟ್ಟಿಗೆ ಮಂಚದ ಮೇಲಾ? ನಿನ್ನನ್ನು ಹನ್ನೆರಡು ವರ್ಷ ದೂರ ಇಟ್ಟವನೂ ಆ ಧಣಿಯೇ. ಹತ್ತಿರ ಕರೆಸಿಕೊಳ್ಳುವುದಕ್ಕೆ ನಮ್ಮ ಮನೆಯನ್ನೇ ಮುಳುಗಿಸಬೇಕು ಅನ್ನುವವನೂ ಅವನೇ. ನಿನ್ನ ಹಸಿವಿಗೂ ನನ್ನ ಏಡಿಗೂ ಜಗಳ ಹಚ್ಚಿ ಅವನು ಕುರ್ಚಿಯಲ್ಲಿ ಕೂತಿದ್ದಾನೆ. ಆ ಜಗಳ ನಾನು ಆಡುವುದಿಲ್ಲ.

ಮೀಟಿಂಗಿನಲ್ಲಿ ಯಾರೂ ಕೇಳಿರಲಿಲ್ಲ, ನಿಜ. ನಿನ್ನೆ ನಾನೇ ಎದ್ದು ನಿಂತು ಕೇಳಿದೆ. ನಿನ್ನ ಪತ್ರವನ್ನೇ ಓದಿದೆ. ಬೈದುಕೋ. ಆಮೇಲೆ ಊಟದ ಗಾಡಿಯವನು ಎದ್ದು, 'ಕಾಯೋದಕ್ಕೂ ಕೈ ಬೇಕು, ಕೈಗೆ ಕೂಲಿ ಬೇಕು. ಪುಕ್ಕಟೆ ಹೋರಾಟ ಉಳ್ಳವರ ಮಕ್ಕಳಿಗೆ' ಎಂದ. ಜೌಗಿನಲ್ಲಿ ಕೆಲಸ ಮಾಡುವ ಪ್ರತಿಯೊಬ್ಬರಿಗೂ ಪೂರ್ತಿ ಕೂಲಿ ಕೊಡಬೇಕೆಂದು ತೀರ್ಮಾನ ಆಯಿತು. ಎಲ್ಲ ಕೈಯೂ ಎದ್ದವು.

ಧಣಿ ಕರೆದ ಕೆಲಸದ ವಿಷಯ ಅಮ್ಮನಿಗೂ ಹೇಳಿಬಿಟ್ಟೆ. ಅವಳು ಬೆಡ್‌ಶೀಟು ಮಡಿಚುತ್ತಿದ್ದಳು. ಮಡಿಚಿ ಮುಗಿಸಿದಳು. ಬಿಚ್ಚಿ ಮತ್ತೆ ಮಡಿಚಿದಳು. ಬೆಳಿಗ್ಗೆ ಜೌಗಿಗೆ ಹೋದಾಗ ಅಲ್ಲಿ ಯಾರೋ ಕೆಸರಿನಲ್ಲಿ ನಿಂತಿದ್ದರು. ಹತ್ತಿರ ಹೋದರೆ ಅಮ್ಮ! 'ಏನ್ ನೋಡ್ತೀಯೇ? ಡಬ್ಬಿ ತಗೊಂಡು ಬಾ. ಪಾಳಿಗೆ ಹೊತ್ತಾಯ್ತು' ಎಂದಳು.

ಇನ್ನೊಂದು ಕೇಳು, ನಗದಿದ್ದರೆ ನೀನು ನನ್ನಪ್ಪನೇ ಅಲ್ಲ. ನಿನ್ನ ಧಣಿ ಇಲ್ಲಿಗೆ ಬಂದಿದ್ದ! ಫೋಟೋದವನನ್ನು ಕಟ್ಟಿಕೊಂಡು, ನಮಗೆ ದೇಣಿಗೆ ಕೊಡುತ್ತೇನೆಂದು. 'ನಾನೂ ಪರಿಸರಪ್ರೇಮೀನೇ ಕಣಮ್ಮ' ಅಂತೆ. ಮೊಣಕಾಲುದ್ದ ಗಂಬೂಟು. ಬೂಟು ಬಿಚ್ಚಿ ಇಳೀರಿ ಎಂದೆವು. ಕೆಸರು ನೋಡಿದ, ಏಡಿ ನೋಡಿದ, ಡ್ರೈವರನ್ನು ಮುಂದೆ ತಳ್ಳಿ, 'ನನ್ನ ಪರವಾಗಿ ಇವನು ಇಳೀತಾನೆ' ಎಂದ. ಡ್ರೈವರು ಚಪ್ಪಲಿ ಬಿಟ್ಟು ಇಳಿದೇಬಿಟ್ಟ. ಕೆಸರಲ್ಲಿ ನಿಂತು ತನ್ನ ಜೇಬಿನಿಂದ ನೋಟು ತೆಗೆದು ಡಬ್ಬಿಗೆ ಹಾಕಿದ. 'ಇದು ನಂದು. ಯಜಮಾನರದ್ದು ಅವರೇ ಇಳಿದು ಹಾಕ್ಲಿ' ಎಂದ. ಇಡೀ ಪಡೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಧಣಿ ಕಾರಿನ ಬಾಗಿಲನ್ನು ತಾನೇ ತೆಗೆದುಕೊಂಡು ಹೋದ.

ಬೈಯಲಿಕ್ಕಾದರೂ ಬರೆ.

ನಿನ್ನ ಸಿಡಿಮದ್ದೇ


ಏಪ್ರಿಲ್ 21

ಮಗಳೇ,

ಬೈಯುವುದಿದ್ದರೆ ಆವತ್ತೇ ಬೈಯುತ್ತಿದ್ದೆ.

ಇಲ್ಲಿ ಗುಡ್ಡ ಅರ್ಧ ಆಗಿದೆ. ನಾನು ಬಂದಾಗ ಇದರ ನೆರಳು ಶೆಡ್ಡಿನವರೆಗೆ ಬೀಳುತ್ತಿತ್ತು. ಈಗ ಮಧ್ಯಾಹ್ನವೆಲ್ಲ ಶೆಡ್ಡು ಕಾದು ಕಬ್ಬಿಣ. ನಿಮ್ಮ ಜೌಗಿಗೆ ತುಂಬುವ ಮಣ್ಣು ಇದೇ ಗುಡ್ಡದ್ದಂತೆ. ಧಣಿ ಲಾರಿಗಳಿಗೆ ಆಗಲೇ ಬಣ್ಣ ಹೊಡೆಸುತ್ತಿದ್ದಾನೆ. ಇಲ್ಲಿ ತೆಗೆದು ಖಾಲಿ ಮಾಡಿದವನು ನಾನು, ಅಲ್ಲಿ ಹಾಕಿ ಮುಚ್ಚುವವನೂ ನಾನು. ಎರಡೂ ಕಡೆ ಒಂದೇ ಕೈ. ಲೀವರ್ ಹಿಡಿದಾಗಲೆಲ್ಲ ಅದೇ ಯೋಚನೆ.

ಆ ಡ್ರೈವರು ನನಗೆ ಗೊತ್ತು. ಅವನನ್ನು ಕೆಲಸದಿಂದ ಬಿಡಿಸಿದ್ದಾರೆ. ಇಲ್ಲಿಗೆ ಲೆಕ್ಕ ಚುಕ್ತಾ ಮಾಡಿಸಲು ಬಂದಿದ್ದ. ಮುಖದಲ್ಲಿ ಸೋತ ಕಳೆ ಇರಲಿಲ್ಲ. 'ನಿಮ್ಮ ಹುಡುಗಿ ಕೆಸರು ತೋರಿಸಿದ್ಲು' ಎಂದು ಮಾತ್ರ ಹೇಳಿ ಹೋದ.

ಇದರ ಜೊತೆ ಒಂದು ನೋಟು ಇಟ್ಟಿದ್ದೇನೆ. ನನ್ನ ಒಂದು ತಾಸು.

ಟೆಂಡರು ತೆಗೆಯುವುದು ಯಾವತ್ತು?

ಅಪ್ಪ


ಮೇ 3

ಅಪ್ಪಾ ಅಪ್ಪಾ ಅಪ್ಪಾ,

ಗೆದ್ದೆವು! ಜೌಗು ನಮ್ಮದು! ನಮ್ಮದಲ್ಲ, ಅದರದ್ದೇ. ಕಾಗದದಲ್ಲಿ ನಮ್ಮದು.

ಪುರಸಭೆಯ ಹಾಲ್ ತುಂಬಿತ್ತು. ಟೇಬಲ್ಲಿನ ಮೇಲೆ ಎರಡೇ ಲಕೋಟೆ, ಧಣಿಯದು ಮತ್ತು ನಮ್ಮದು. ಹೆಚ್ಚು ಬರೆದವರಿಗೆ ಜಾಗ. ಮೊದಲು ನಮ್ಮದನ್ನು ಒಡೆದ ಗುಮಾಸ್ತ ಕನ್ನಡಕ ಏರಿಸಿ ಕೇಳಿದ.

'ಉದ್ದೇಶದ ಕಡೆ ಇದೇನಮ್ಮ ಬರೆದಿದ್ದೀರಿ? ಜೌಗಾಗಿ ಇಡುವುದು?'

'ಹೌದು ಸಾರ್. ಜೌಗು ಜೌಗಾಗಿರೋದು.'

'ಅದು ಉದ್ದೇಶ ಅಲ್ಲಮ್ಮ. ಏನಾದ್ರೂ ಕಟ್ಬೇಕು, ಮಾಡ್ಬೇಕು.'

'ನಿಮ್ಮ ಮನೆ ಹಿಂದೆ ನೀರು ಬಂದಾಗ ಏನು ಕಟ್ತೀರಿ ಸಾರ್?'

ಹಿಂದಿನ ಸಾಲಿನಿಂದ ಅಜ್ಜಿ, 'ಇಟ್ಟಿಗೆ!' ಎಂದು ಕೂಗಿದಳು. ಹಾಲಿಗೆ ಹಾಲೇ ಬಿದ್ದು ಬಿದ್ದು ನಕ್ಕಿತು.

ಆಮೇಲೆ ಧಣಿಯ ಲಕೋಟೆ. ಓದುತ್ತಿದ್ದಂತೆ ಗುಮಾಸ್ತನ ದನಿ ಸಣ್ಣದಾಯಿತು. ಪುರಸಭೆ ಗೊತ್ತು ಮಾಡಿದ್ದ ತೀರಾ ಕನಿಷ್ಠ ಮೊತ್ತವನ್ನೇ ಆತ ಬರೆದಿದ್ದ, ಒಂದು ಕಾಸು ಮೇಲಿಲ್ಲ! ನಮ್ಮ ಡಬ್ಬಿ ನೋಡಿ ಚಿಲ್ಲರೆ ಅಂದುಕೊಂಡಿದ್ದ. ಈ ಪೋರರು ಎಲ್ಲಿಂದ ತರುತ್ತಾರೆ ಎಂದು. ಬೇರೆ ಊರಿನ ನಮ್ಮ ಪಡೆಗಳು ಕೊಟ್ಟ ಮಾತಿನಂತೆ ಉಳಿದರ್ಧ ಕಳಿಸಿದ್ದು ಅವನಿಗೆ ಗೊತ್ತೇ ಇರಲಿಲ್ಲ. ದುಡಿಯುವವರ ಮಕ್ಕಳು ತಮ್ಮ ತಮ್ಮ ತಾಸುಗಳನ್ನು ಕೂಡಿಸಿದರೆ ಏನಾಗುತ್ತದೆ ಅನ್ನುವುದನ್ನು ಈ ಜನ ಯಾವ ಕಾಲದಲ್ಲೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಅದೇ ನಮ್ಮ ಬಲ!

ಆದರೆ ಪುರಸಭೆಯವರು ಒಂದು ಕೊಕ್ಕೆ ಹಾಕಿದ್ದಾರೆ. ಮಳೆಗಾಲ ಹಿಡಿಯುವ ಮೊದಲು ಒಡ್ಡನ್ನು ಒಡೆದು, ಕಾಲುವೆ ತೋಡಿ, ಉಬ್ಬರದ ನೀರನ್ನು ಒಳಗೆ ತರಬೇಕು. ಇಲ್ಲವಾದರೆ ಗುತ್ತಿಗೆ ರದ್ದು, ಜಾಗ ಧಣಿಗೆ. ಯಂತ್ರ ಇದೆ. ಆ ಹಳೆಯ ಜೆಸಿಬಿಗೆ ನಾನು ಜೀವ ತುಂಬಿದ್ದೇನೆ. ಓಡಿಸುವವರು ಸಿಗುತ್ತಿಲ್ಲ. ಊರಿನ ಆಪರೇಟರುಗಳೆಲ್ಲ ಧಣಿಗೆ ಹೆದರಿ ಕೂತಿದ್ದಾರೆ. ಗ್ಯಾರೇಜಿನ ಗೋಡೆಗೆ ನೋಟೀಸು ಅಂಟಿಸಿದ್ದೇವೆ. ನಾನು ನಿನಗೆ ಬಾ ಎನ್ನುತ್ತಿಲ್ಲ. ಗೋಡೆಯ ಮೇಲಿರುವುದನ್ನು ಬರೆದೆ ಅಷ್ಟೆ.

ನಿನ್ನ ನೋಟು ಡಬ್ಬಿಗೆ ಬಿದ್ದಿಲ್ಲ. ನಿಯಮ ನಿಯಮವೇ. ಕೆಸರಿಗಿಳಿಯದವರ ಕಾಸು ಬೇಡ. ನನ್ನ ಹತ್ತಿರವೇ ಇಟ್ಟುಕೊಂಡಿದ್ದೇನೆ.

ಗಂಟಲು ಕಟ್ಟಿದ,
ಸಿಡಿಮದ್ದು


ಮೇ 9

ಕೆಸರು ಪಡೆಯ ಸಮಿತಿಯವರಿಗೆ,

ನಾನು ಇಪ್ಪತ್ತು ವರ್ಷದಿಂದ ಮಣ್ಣೆತ್ತುವ ಯಂತ್ರ ಓಡಿಸುತ್ತಿದ್ದೇನೆ. ಕೆಟ್ಟ ಚಟ ಇಲ್ಲ, ಬೀಡಿಯ ಹೊರತು. ನಿಮ್ಮ ಒಡ್ಡಿನ ಕೆಲಸಕ್ಕೆ ಈ ಅರ್ಜಿ. ಕಾಲುವೆ ಹೇಗಿರಬೇಕು ಎಂದು ನಕ್ಷೆ ಬರೆದು ಜೊತೆಗಿಟ್ಟಿದ್ದೇನೆ. ಒಡ್ಡಿನಿಂದ ಜೌಗಿನ ನಡುವಿಗೆ ದಾರ ಎಳೆದಂತೆ ನೇರ. ನನ್ನಷ್ಟು ನೇರ ತೋಡುವವರು ಈ ಸೀಮೆಯಲ್ಲಿಲ್ಲ. ಇದು ಜಂಬವಲ್ಲ, ಧಣಿಯೇ ಹೇಳಿದ್ದು.

ಸಮಿತಿಯಲ್ಲಿ ನನ್ನ ಮಗಳಿದ್ದಾಳೆ. ಅದನ್ನು ಲೆಕ್ಕಕ್ಕೆ ಹಿಡಿಯಬಾರದು. ಅವಳು ಅಪ್ಪನೆಂದು ಬಿಟ್ಟುಕೊಡುವ ಪೈಕಿಯೂ ಅಲ್ಲ.

ಇಂತಿ,
ಅರ್ಜಿದಾರ


ಮೇ 14

ಆಪರೇಟರ್ ಮಾಮ,

ನಾನು ಸೋಡಾಬುಡ್ಡಿ, ಸಮಿತಿಯ ಪರವಾಗಿ. ಮಗಳನ್ನು ಬಾಗಿಲ ಹೊರಗೆ ನಿಲ್ಲಿಸಿ ಮತ ಹಾಕಿದೆವು. ಕಿಟಕಿಯಲ್ಲಿ ಇಣುಕುತ್ತಿದ್ದಳು, ಪರದೆ ಎಳೆದೆವು. ನೀವು ಆಯ್ಕೆಯಾಗಿದ್ದೀರಿ!

ನಕ್ಷೆ ಮಾತ್ರ ಆಗುವುದಿಲ್ಲ. ನೇರ ಕಾಲುವೆಯಲ್ಲಿ ನೀರು ನುಗ್ಗಿ ಕೆಸರನ್ನೇ ಕೊಚ್ಚಿಕೊಂಡು ಹೋಗುತ್ತದೆ. ನಮಗೆ ಸೊಟ್ಟ ಬೇಕು. ಹಾವು ಹರಿದಂತೆ. ನೀರು ನಿಂತು, ಬಳಸಿ, ತಡವರಿಸಿಕೊಂಡು ಹೋಗಬೇಕು. ಸೊಟ್ಟ ತೋಡಲು ಬರುತ್ತದಾ ಮಾಮ?

ಕೂಲಿ ಕ್ವಾರಿಗಿಂತ ಕಡಿಮೆ, ಆದರೆ ವಾರ ತಪ್ಪುವುದಿಲ್ಲ. ಸದ್ಯಕ್ಕೆ ಈ ಒಂದು ಒಡ್ಡಿನ ಕೆಲಸ. ಆದರೆ ಇಂಥ ಒಡ್ಡುಗಳು ಕರಾವಳಿಯುದ್ದಕ್ಕೂ ಇವೆ, ಒಡೆಸಬೇಕೆನ್ನುವ ಪಡೆಗಳೂ ಇವೆ. ಮತ್ತೆ, ಕೆಲಸಕ್ಕೆ ಮೊದಲು ಕೆಸರಿಗೆ ಇಳಿಯಬೇಕು. ಅದು ಎಲ್ಲರಿಗೂ.

ಸಮಿತಿಯ ಪರವಾಗಿ,
ಸೋಡಾಬುಡ್ಡಿ (ಈ ಹೆಸರು ನಿಮ್ಮ ಮಗಳೇ ಇಟ್ಟದ್ದು, ಅವಳಿಗೆ ಬುದ್ಧಿ ಹೇಳಿ)


ಜೂನ್ 11

ನನ್ನ ಸಿಡಿಮದ್ದಿಗೆ,

ಈಗ ಊರು ಬಿಟ್ಟವಳು ನೀನು, ಮನೆಯಲ್ಲಿ ಕೂತು ಕಾಗದ ಬರೆಯುವವನು ನಾನು. ಬೇರೆ ಊರಿನ ಮಕ್ಕಳ ಅರ್ಜಿ ನೋಡಿ ನಿಧಿ ಹಂಚಲು ನಿನ್ನನ್ನೇ ಕರೆದಿದ್ದಾರೆ ಎಂದು ಅಜ್ಜಿ ಬೀದಿಗೆಲ್ಲ ಡಂಗುರ ಹೊಡೆದಳು. ಇವತ್ತಿನದನ್ನು ಫೋನಿನಲ್ಲಿ ಹೇಳಿದರೆ ಹಾಳಾಗುತ್ತದೆ. ಬರೆದಿಟ್ಟು, ನಾಳೆ ನೀನು ಬಂದಾಗ ಕೈಗೇ ಕೊಡುತ್ತೇನೆ.

ಇವತ್ತು ಒಡ್ಡು ಒಡೆದೆ.

ನೀನು ಹೋದ ಮೇಲೆ ಕಾಲುವೆ ಮುಂದುವರಿಸಿದೆ. ಸೊಟ್ಟ ತೋಡುವುದು ಎಷ್ಟು ಕಷ್ಟ ಗೊತ್ತೇನೇ? ಕೈ ತಾನಾಗಿ ನೇರಕ್ಕೆ ಎಳೆಯುತ್ತದೆ. ನಿನ್ನ ಸೋಡಾಬುಡ್ಡಿ ದಡದಲ್ಲಿ ನಿಂತು, 'ಮಾಮ, ನೇರ ಆಯ್ತು! ಮಾಮ, ಮತ್ತೆ ನೇರ!' ಎಂದು ಕಿರುಚಿ ಕಿರುಚಿ ದನಿ ಕಳೆದುಕೊಂಡಿದ್ದಾಳೆ. ಒಂದು ಕಡೆ ಅವಳು ನೋಡದಿದ್ದಾಗ ಹಳೇ ಅಭ್ಯಾಸದಲ್ಲಿ ಉದ್ದಕ್ಕೆ ನೇರ ತೋಡಿಬಿಟ್ಟೆ. ತಿದ್ದಲು ಹೊತ್ತಿರಲಿಲ್ಲ, ತಡವಾದ ಮಳೆಯ ಮೋಡ ಕವಿದಿತ್ತು, ಉಬ್ಬರ ಏರುತ್ತಿತ್ತು. ಬೀದಿಯವರೆಲ್ಲ ದಡದಲ್ಲಿದ್ದರು. ಪುರಸಭೆಯ ಗುಮಾಸ್ತನೂ ಬಂದು ನಿಂತಿದ್ದ. ಕೆಲಸ ಕಳೆದುಕೊಂಡ ಆ ಡ್ರೈವರು ಈಗ ನಮ್ಮ ಜೊತೆಗೇ ಕೂಲಿಗೆ ಇದ್ದಾನೆ. ಅವನು ಕೈ ಎತ್ತಿದ. ನಾನು ಕೊನೆಯ ಬಕೆಟ್ ಎತ್ತಿದೆ.

ನೀರು ಬಂತು, ಮಗಳೇ. ಮೊದಲು ಒಂದು ನಾಲಿಗೆಯಷ್ಟು. ಆಮೇಲೆ ಬಂತು ನೋಡು! ತಿರುವು ಬಂದಲ್ಲಿ ನಿಂತು, ಸುತ್ತಿ, ಮುಂದೆ. ಬಿರುಕು ಬಿಟ್ಟ ನೆಲದಿಂದ ಗುಳುಗುಳು ಗಾಳಿ ಹೊರಟಿತು. ಎಷ್ಟು ವರ್ಷದಿಂದ ಬಿಗಿಹಿಡಿದಿತ್ತೋ ಆ ಉಸಿರು. ನಾನು ನೇರ ತೋಡಿದ ಕಡೆ ಏನಾಯಿತು ಕೇಳು. ನೀರು ಒಂದು ಪಕ್ಕ ಕೊರೆದು, ಇನ್ನೊಂದು ಪಕ್ಕ ಕೆಸರು ಹಾಕಿ, ಒಂದೇ ಉಬ್ಬರದಲ್ಲಿ ಸೊಟ್ಟ ಮಾಡಲು ಶುರುಮಾಡಿದೆ! ಜನ ಶಿಳ್ಳೆ ಹೊಡೆದರು, ಅಜ್ಜಿ ಕೋಲು ಎಸೆದಳು, ಷರತ್ತು ಪೂರೈಸಿತೆಂದು ಗುಮಾಸ್ತ ದಡದಲ್ಲೇ ಸಹಿ ಹಾಕಿದ.

ಇಪ್ಪತ್ತು ವರ್ಷ ಕ್ಯಾಬಿನ್ನಿನಲ್ಲಿ ಕೂತು ಮಣ್ಣು ಆಡಿಸಿದವನು ನಾನು. ಕಾಲಿಗೆ ಹತ್ತಿಸಿಕೊಂಡಿರಲಿಲ್ಲ. ಕೆಲಸದ ಮೊದಲ ದಿನ ನಿಯಮದಂತೆ ಇಳಿದೆನಲ್ಲ, ಅದು ಪಾದ ಅದ್ದಿದ್ದಷ್ಟೇ, ನೀನು ಮೊಣಕಾಲು ಮುಟ್ಟಿಲ್ಲ ಎಂದು ನೋಟು ವಾಪಸ್ ಜೇಬಿಗಿಟ್ಟುಕೊಂಡೆ. 'ಕೆಲಸಕ್ಕೆ ಸಾಕು, ಡಬ್ಬಿಗೆ ಸಾಲದು' ಎಂದೆ. ಸ್ವಂತ ಅಪ್ಪನಿಗೆ! ಇವತ್ತು ಯಾರೂ ಹೇಳದೆ ಯಂತ್ರ ಆರಿಸಿ ಜಿಗಿದೆ. ಸೊಂಟದವರೆಗೆ ಹೋದೆ. ಮೇಲೆಳೆಯಲು ಮೂವರು ಬೇಕಾಯಿತು.

ಮಳೆ ಮುಗಿಯುತ್ತಿದ್ದಂತೆ ಪಕ್ಕದೂರಿನ ಪಡೆ ನನ್ನನ್ನು ಕರೆದಿದೆ. ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರುವ ದೂರ. ನಿನ್ನಮ್ಮ ಲೆಕ್ಕ ಹಾಕಿ ಒಂದು ಪಾಳಿ ಬಿಡುತ್ತೇನೆ ಎಂದಳು. ಆಗ ನೋಡಿದೆ ಅವಳ ಮುಖ, ಆವತ್ತು ನೋಡಬೇಕೆಂದು ಬರೆದಿದ್ದೆನಲ್ಲ, ಅದು.

ಸದ್ಯಕ್ಕೆ ಅವಳು ನನ್ನನ್ನು ಒಳಗೆ ಬಿಡುತ್ತಿಲ್ಲ. 'ನೆಲ ಈಗ ಒರೆಸಿದೀನಿ, ಕಾಲು ತೊಳೆದು ಬಾ' ಎನ್ನುತ್ತಾಳೆ. ತೊಳೆಯುವುದಿಲ್ಲ ಎಂದು ಜಗುಲಿಯಲ್ಲೇ ಕೂತು ಇದನ್ನು ಬರೆಯುತ್ತಿದ್ದೇನೆ. ನೀನು ನಾಳೆ ಬರುತ್ತೀಯಲ್ಲ, ಕಣ್ಣಾರೆ ನೋಡಿ, ಆ ನೋಟನ್ನು ಡಬ್ಬಿಗೆ ಹಾಕಬೇಕು. ನೀನು ಎಂಥವಳೆಂದು ನನಗೆ ಗೊತ್ತು. ಸಾಕ್ಷಿ ಇಲ್ಲದೆ ಒಪ್ಪುವವಳಲ್ಲ.

ಸೊಂಟದವರೆಗೆ ಕೆಸರಾಗಿ, ಹಾಗೇ ಕಾಯುತ್ತಿರುವ,
ನಿನ್ನ ಅಪ್ಪ